ಅಂಚು ಬೇರೆ

ಮಂಡಿಪೇಟೆಯಿಂದ ಪಾರಸ್‌ಮಲ್ ನಡೆದೇ ಬಂದರು.
ಚಪ್ಪಲಿ ಬಾಗಿಲಲ್ಲಿ, ಭೂತಗನ್ನಡಿ ಜೇಬಲ್ಲಿ.
ನಡುಮನೆಯಲ್ಲಿ ಅಪ್ಪನ ಟ್ರಂಕು ಬಾಯಿ ತೆರೆದು ಕೂತಿತ್ತು:
ಕೆಂಪು, ಹಸಿರು, ಬಿಳಿ ಇದ್ದದ್ದು ಈಗ ಹಲ್ಲಿನ ಬಣ್ಣ,
ಎರಡು ಸಾವಿರದಷ್ಟು ಬಿಲ್ಲೆ.
ಮಿಲ್ಲಿನ ಸಾಹೇಬರ ಕ್ಲಬ್ಬಿನಲ್ಲಿ
ಒಂದು ಕಾಲಕ್ಕೆ ಇವೇ ದುಡ್ಡು.

"ಬಣ್ಣ ನೋಡಬೇಡಿ ತಂಗಿ, ಬಣ್ಣ ಬೆವರಿಗೆ ಹೋಗುತ್ತೆ.
ನಡುವಿನ ನಂಬರೂ ಬೇಡ,
ಅದನ್ನ ಯಾವ ಪ್ರೆಸ್ಸಿನವನೂ ಒತ್ತಿಕೊಡ್ತಾನೆ.
ಸುತ್ತಿನ ಅಂಚು ನೋಡಿ. ಅಚ್ಚು ಇದ್ದವನದೇ ಅಂಚು.
ಹಗ್ಗ ಹೊಸೆದಂಗಿದ್ದರೆ ಒಂದು ಕಾರ್ಖಾನೆ,
ಟೋಪಿ, ಬೆತ್ತ, ಟೋಪಿ, ಬೆತ್ತ ಅಂತ ಓಡಿದರೆ ಇನ್ನೊಂದು."
ಅಂದವರೇ ಚಕ್ಕಳಮಕ್ಕಳ ಹಾಕಿ ಕೂತು
ಒಂದೊಂದೇ ಬೆಳಕಿಗೆ ಹಿಡಿದರು.
ಹಗ್ಗ. ಹಗ್ಗ. ಹಗ್ಗ.
ಚಹಾ ಆರಿತು.

ಬನಶಂಕರವ್ವ, ಅಪ್ಪನ ಅಕ್ಕ,
ಪೊರೆ ತೆಗೆಸಲು ಮೊಳಕಾಲ್ಮೂರಿಂದ ಬಂದು ವಾರವಾಗಿತ್ತು.
ಒಂದು ಕಣ್ಣಿಗೆ ಹಸಿರು ಬಟ್ಟೆ,
ಇನ್ನೊಂದರಲ್ಲಿ ಮೊದಲಿಂದಲೂ ಮಂಜು.
"ಏನವು? ಇತ್ತ ತಾ" ಅಂದಳು.
ಅರವತ್ತು ವರ್ಷ ಲಾಳಿ ಎಸೆದ ಕೈ;
ಹೆಬ್ಬೆರಳು ಬಿಲ್ಲೆಯನ್ನೊಮ್ಮೆ ಪ್ರದಕ್ಷಿಣೆ ಹಾಕಿತು.
"ಹುರಿ ಅಂಚು. ನಮ್ಮ ಮಾವ ನೇಯ್ತಿದ್ದ ಇಂಥದ್ದು,
ಉಟ್ಟವಳ ಕಾಲಿಗೆ ಒರಟು, ನೋಡಾಕೆ ಚಂದ."
ಪಾರಸ್‌ಮಲ್ ಭೂತಗನ್ನಡಿ ಕೆಳಗಿಟ್ಟರು.

ಟ್ರಂಕಿನ ತಳದಲ್ಲಿ, ಹಳೆ ಪಂಚಾಂಗದಡಿ, ನಶ್ಯದ ಡಬ್ಬಿ.
ನಾನು ಕಂಡದ್ದು ಅದೇ ಮೊದಲು.
ಒಳಗೆ ಹನ್ನೊಂದು ಕೆಂಪು, ಐದರವು,
ಉಳಿದ ಕೆಂಪಿನಂಥವೇ ಕೆಂಪು.
ಅತ್ತೆಯ ಬೆರಳು ಅರ್ಧ ಸುತ್ತಿಗೇ ನಿಂತಿತು.
"ಇದು ಹುರಿಯಲ್ಲ ಕಣೇ. ಶಂಕರಪೋಳಿ, ಸಾಲಾಗಿ.
ಈ ಸೀರೆ ಆ ಮಗ್ಗದ್ದಲ್ಲ."

ಅರವತ್ತೆಂಟರ ದೀಪಾವಳಿ ರಾತ್ರಿ
ಕೌಂಟರಿನಲ್ಲಿ ಅಪ್ಪ ಕೊಟ್ಟ ಬಿಲ್ಲೆಗಿಂತ
ತಿರುಗಿ ಬಂದ ಬಿಲ್ಲೆ ಹನ್ನೊಂದು ಹೆಚ್ಚು.
ಐವತ್ತೈದು ರೂಪಾಯಿ; ಸಂಬಳ ತೊಂಬತ್ತು.
ಕಳ್ಳ ಅಂತ ಯಾರೂ ಅನ್ನಲಿಲ್ಲ.
"ನಾಳೆಯಿಂದ ಬರೋದು ಬೇಡ ಸಂಕಣ್ಣ" ಅಂದರು,
ಮೇಲೆ ಒಂದು ಪೊಟ್ಟಣ ಪಟಾಕಿ ಕೊಟ್ಟು ಕಳಿಸಿದರು.
ಆ ಪಟಾಕಿ ನನಗೆ ನೆನಪಿದೆ. ಹೊಡೆದಿದ್ದೆ.

ಆಮೇಲೆ ಮಂಡಕ್ಕಿ ಭಟ್ಟಿಯಲ್ಲಿ ಚೀಲ ಎಣಿಸಿದ,
ಹುಬ್ಬು, ರೆಪ್ಪೆ ಎಲ್ಲಾ ಬೂದಿ ಮಾಡಿಕೊಂಡು, ಇಪ್ಪತ್ತು ವರ್ಷ.
ಮಿಲ್ಲು ಮುಚ್ಚಿ ಕ್ಲಬ್ಬಿನ ಸಾಮಾನು ಗುಜರಿಗೆ ಬಂದಾಗ
ಕುರ್ಚಿ ಕೇಳಲಿಲ್ಲ, ಗೋಡೆಗಡಿಯಾರ ಕೇಳಲಿಲ್ಲ,
ಬಿಲ್ಲೆಗಳನ್ನು ತೂಕಕ್ಕೆ ಕೊಂಡು ತಂದ.
ಅವ್ವ ತಿಂಗಳು ಮಾತು ಬಿಟ್ಟಿದ್ದಳು.
ರಾತ್ರಿ ಕಟಕಟ ಸದ್ದು. ಇಲಿ ಅಂದುಕೊಂಡಿದ್ದೆವು.

ಇಲಿಯಲ್ಲ. ಲಾಟೀನಿನ ಮುಂದೆ ಕೂತು
ಎರಡು ಸಾವಿರದ ಅಂಚು ಸವರಿ
ಹನ್ನೊಂದನ್ನು ಹೆಕ್ಕಿದ್ದಾನೆ, ಮಗ್ಗದ ಮನೆಯ ಮಗ.
ಹೆಕ್ಕಿ, ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ,
ಬೆಳಗ್ಗೆ ಎದ್ದು ಭಟ್ಟಿಗೆ ಹೋಗಿದ್ದಾನೆ.
ಹತ್ತಿ ಮಾರಲು ಗೋವಾಕ್ಕೆ ಹೋಗಿಬರುತ್ತಿದ್ದವರು
ಆ ಕ್ಲಬ್ಬಿನಲ್ಲಿ ಮೂವರೇ.
ಮೂವರ ಮದುವೆ, ಮಣ್ಣು ಎಲ್ಲಕ್ಕೂ ಅಪ್ಪ ಹೋದ,
ಉಂಡು ಬಂದ.
ಯಾಕೆ ಹೇಳಲಿಲ್ಲ ಅಂತ ಕೇಳಲು ಈಗ
ಟ್ರಂಕಿಗೂ ನನಗೂ ಒಂದೇ ಬಾಯಿ, ತೆರೆದದ್ದು.

ಪಾರಸ್‌ಮಲ್ ಕೆಮ್ಮಿದರು. "ತಂಗಿ, ನಿಜ ಹೇಳ್ತೀನಿ,
ಹಗ್ಗದವು ಎಲ್ಲಾ ಕಡೆ ಸಿಗುತ್ತವೆ, ತೂಕದ ಮಾಲು.
ಬೆಲೆ ಅಂತ ಇರೋದು ಈ ಹನ್ನೊಂದಕ್ಕೆ.
ಇಂಥ ಅಂಚು ನಾನು ಕೈಯಲ್ಲಿ ಹಿಡಿದಿಲ್ಲ."
ಅವರು ಹೇಳಿದ ಮೊತ್ತದಲ್ಲಿ
ಅಪ್ಪನ ಎಷ್ಟು ವರ್ಷದ ಭಟ್ಟಿ ಬರುತ್ತಿತ್ತೋ,
ಲೆಕ್ಕ ಹಾಕಲು ಹೋಗಿ ನಿಲ್ಲಿಸಿದೆ.

ಎರಡು ಸಾವಿರ ತಗೊಂಡು ಹೋಗಿ ಅಂದೆ, ಡಬ್ಬಿ ಬಿಟ್ಟು.
ಅವರು ಬೇಸರದಿಂದಲೇ ಚೀಲಕ್ಕೆ ತುಂಬಿಕೊಂಡರು.

ಅತ್ತೆಯ ಮುಷ್ಟಿಯಲ್ಲಿ ಒಂದು ಉಳಿದಿತ್ತು.
ಹೆಬ್ಬೆರಳು ಇನ್ನೂ ಸುತ್ತುತ್ತಿತ್ತು,
ಶಂಕರಪೋಳಿ, ಶಂಕರಪೋಳಿ,
ಒಂದು ಕಡೆ ತುಸು ಮುಕ್ಕು, ಮತ್ತೆ ಶಂಕರಪೋಳಿ.
"ಚಂದ ಐತೆ" ಅಂದಳು. "ಯಾರು ಮಾಡಿದ್ದೋ."
ಆಮೇಲೆ, ಕಣ್ಣಿಗೆ ಹನಿ ಹಾಕೋ ಹೊತ್ತಾಯ್ತೇನು ಅಂತ ಕೇಳಿದಳು.